ಸಾಯದ ಕುರಿಗಾಹಿ, ಕಾಗೆ ಮುಟ್ಟಿದ ತಂಗಿ

ನಾನು ಪುಕ್ಕಲಿ. ಇದನ್ನ ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದೋರಿಗೂ ಅನುಕೂಲ. ಹನ್ನೊಂದು ವರ್ಷದವಳಿದ್ದಾಗ, ಸಿರಾ ತಾಲ್ಲೂಕು ಗೌಡಗೆರೆ ಕಡೆಯ ನಮ್ಮೂರಿನಲ್ಲಿ ಅಮ್ಮನ ಜೊತೆ ಕಡ್ಲೆಕಾಯಿ ಬಿಡಿಸ್ತಾ ಕೂತಿದ್ದೆ. ಯಾರೋ ಒಬ್ಬರು ಸೈಕಲ್ಲಿನಿಂದ ಇಳಿದು, ಅಮ್ಮನ ಹತ್ತಿರ ಬಗ್ಗಿ ಏನೋ ಅಂದರು. ಅಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಕುರಿ ಹೊಡ್ಕೊಂಡು ಹೋಗಿದ್ದ ಅಪ್ಪ ಹೊಲದ ಬದುವಿನ ಮೇಲೇ ಹೋಗಿಬಿಟ್ಟಿದ್ದ. ಅವತ್ತಿನಿಂದ ಯಾರಾದರೂ ಸುದ್ದಿ ಹೇಳೋಕೆ ಬಾಯಿ ತೆರೆದರೆ ಸಾಕು, ನನ್ನ ಎದೆ ಡವಡವ ಅನ್ನುತ್ತೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಮೂರು ಸಲ ರಿಂಗಾಗೋವರೆಗೆ ಎತ್ತಲ್ಲ. ಎತ್ತೋವರೆಗೆ ಎಲ್ಲರೂ ಬದುಕಿರ್ತಾರೆ ಅಂತ ನನ್ನ ಲೆಕ್ಕ.

ಮಿಡಿಗೇಶಿ ಹತ್ತಿರದ ಒಂದು ಊರಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳೋದು ನನ್ನ ಕೆಲಸ. ಬೆಳಿಗ್ಗೆ ಪೇಪರ್ ಓದೋ ನಾಲ್ಕು ಜನ ಯಜಮಾನರು, ಮಧ್ಯಾಹ್ನ ಪರೀಕ್ಷೆಗೆ ಓದೋ ಹುಡುಗಿಯರು. ಮಿಕ್ಕ ಹೊತ್ತಿನಲ್ಲಿ ನಾನೂ ಕಥೆ ಗೀಚ್ತಿದ್ದೆ. ಮಧುಗಿರಿಯಿಂದ ಬರೋ ಒಂದು ವಾರಪತ್ರಿಕೆಯೋರು ಹಾಕ್ತಿದ್ದರು. ಅದರ ಸಂಪಾದಕರು ಒಂದು ದಿನ, "ಏನ್ ಮೇಡಂ, ನಿಮ್ಮ ಕಥೇಲಿ ಒಬ್ಬರೂ ಸಾಯಲ್ಲ, ಓದೋರಿಗೆ ಬೇಜಾರು" ಅಂತ ರೇಗಿಸಿದರು. ನನಗೆ ಸಿಟ್ಟು ಬಂತು. ಸಾಯಿಸೋಕೆ ಧೈರ್ಯ ಇಲ್ಲ ಅಂತ ಒಪ್ಪಿಕೊಳ್ಳೋ ಬದಲು, ಸಾಯೋಕೇ ಆಗದವನೊಬ್ಬನನ್ನ ಬರೆದು ಅವರ ಮುಖಕ್ಕೆ ಹಿಡಿದೆ.

ಅವನೊಬ್ಬ ಕುರಿಗಾಹಿ. ಸಿದ್ದರಬೆಟ್ಟದಲ್ಲಿ ಕುರಿ ಮೇಯಿಸ್ತಾ ಬಾಯಾರಿ, ಯಾವುದೋ ಬೇರು ಅಗಿದುಬಿಟ್ಟ. ಅಷ್ಟೇ, ಸಾವು ಅವನನ್ನ ಮರೆತುಹೋಯ್ತು. ಮೊದಲ ವಾರ ಬರೆದು ಮುಗಿಸಿದ ಮೇಲೆ ನನಗೇ ದಿಗಿಲಾಯ್ತು. ಸಾಯಲ್ಲ ಅನ್ನೋದೇನೋ ಸರಿ, ನಾಳೆ ಬೆಳಿಗ್ಗೆ ಎದ್ದು ಅವನು ಏನು ಮಾಡ್ತಾನೆ? ನಾಡಿದ್ದು? ಇನ್ನೂರು ವರ್ಷ ಆದ ಮೇಲೆ?

ಆವಾಗ ಸಹಾಯಕ್ಕೆ ಬಂದವಳು ನನ್ನ ತಂಗಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟ ಕಣ್ಣೆದುರಿಗೇ ಕಾಣೋ ಗಂಡನ ಊರಿನಲ್ಲಿ ಅಂಗನವಾಡಿ ಟೀಚರ್. ಪ್ರತಿ ಭಾನುವಾರ ಫೋನ್ ಮಾಡಿ ಮೊದಲು ಕೇಳ್ತಿದ್ದದ್ದು ನನ್ನ ಆರೋಗ್ಯ ಅಲ್ಲ. "ಏನಂತಾನೆ ನಮ್ಮ ಗಟ್ಟಿ ಆಸಾಮಿ?" ಅಂತ.

ಅವಳ ಐಡಿಯಾಗಳೇ ನನ್ನವಕ್ಕಿಂತ ಚೆನ್ನಾಗಿರ್ತಿದ್ದವು. ನಾನು ಅವನನ್ನ ಮಧುಗಿರಿ ಬೆಟ್ಟದ ತುದಿಯಿಂದ ಹಾರಿಸಿ, ಕಾಲು ಉಳುಕಿಸಿ, ಊರೋರ ಕೈಲಿ ನಗಿಸಿದೆ. ಅವಳು ಅಂದಳು, "ಅದಿರ್ಲಿ, ಅವನ್ ನಾಯಿಗಳ ಕತೆ ಏನು? ಎಷ್ಟು ನಾಯಿ ಮಣ್ಣು ಮಾಡಿರ್ಬೇಕು ಅವ್ನು? ಏಳನೇ ನಾಯಿ ಆದ್ಮೇಲೆ ಹೆಸರಿಡೋದೇ ಬುಟ್ಬುಟ್ಟ ಅಂತ ಬರಿ. ಬರೀ 'ಬಾ' ಅಂತ ಕರೀತಾನೆ." ಅದನ್ನ ಬರೆದೆ. ಆ ವಾರ ಪೇಪರ್ ಓದೋ ಯಜಮಾನರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

ಇಪ್ಪತ್ತು ವರ್ಷಕ್ಕೊಂದು ಸಲ ಅವನು ಊರು ಬದಲಾಯಿಸಬೇಕಿತ್ತು, ಮುದುಕ ಆಗಲ್ಲವಲ್ಲ, ಜನಕ್ಕೆ ಅನುಮಾನ ಬರುತ್ತೆ. ಮಿಡಿಗೇಶಿ ಬಿಟ್ಟು ಸಿರಾಕ್ಕೆ ಹೋದ, ಅಲ್ಲಿ ಸಂತೆಯೋರ ಹತ್ತಿರ ಉರ್ದು ಕಲಿತ. ಪಾವಗಡಕ್ಕೆ ಹೋಗಿ ತೆಲುಗಿನಲ್ಲಿ ಬೈಯೋದು ಕಲಿತ. ಈಗಿನ ಕಾಲಕ್ಕೆ ಬಂದಾಗ ತಂಗಿ ಅವನಿಗೆ ವೃದ್ಧಾಪ್ಯ ವೇತನ ಮಾಡಿಸೋಕೆ ಹೊರಟಳು. "ಹುಟ್ಟಿದ ತಾರೀಕು ಏನಂತ ಬರೆಸ್ತಾನೆ ಅಕ್ಕ? ಹೆಬ್ಬೆಟ್ಟು ಬೇರೆ ಸವೆದೋಗಿರುತ್ತೆ, ಮಿಷಿನ್ ತಗೊಳಲ್ಲ. ವರ್ಷ ವರ್ಷ ತಾಲೂಕ್ ಆಫೀಸ್ಗೋಗಿ ಬದುಕಿದೀನಿ ಸ್ವಾಮಿ ಅಂತ ಅರ್ಜಿ ಕೊಡ್ಬೇಕು." ನಾವಿಬ್ಬರೂ ಫೋನಿನಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕೆವು.

ಅದೇ ಭಾನುವಾರ, ನಗು ನಿಂತ ಮೇಲೆ, "ಅಕ್ಕ, ಕುತ್ತಿಗೇಲಿ ಒಂದು ಗಂಟು ಸಿಕ್ತಾ ಐತೆ ಕಣೆ" ಅಂದಳು.

ತುಮಕೂರಿನ ಆಸ್ಪತ್ರೆಯಲ್ಲಿ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಬಿಟ್ಟು ಬನ್ನಿ ಅಂದರು. ಆ ಎಂಟು ದಿನ ನಾನು ಹೇಗಿದ್ದೆ ಅಂತ ನನಗೆ ಮಾತ್ರ ಗೊತ್ತು. ಅನ್ನಕ್ಕೆ ಉಪ್ಪು ಎರಡು ಸಲ ಹಾಕ್ತಿದ್ದೆ. ಗ್ರಂಥಾಲಯದ ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕೋ ಜಾಗದಲ್ಲಿ ತಂಗಿ ಹೆಸರು ಬರೆದಿದ್ದೆ. ಆ ವಾರ ಕುರಿಗಾಹಿ ಒಂದು ಬಂಡೆ ಮೇಲೆ ಸುಮ್ಮನೆ ಕೂತಿದ್ದ, ಪೂರ್ತಿ ಒಂದು ಕಂತು.

ಮೂರನೇ ದಿನ ಬೆಳಿಗ್ಗೆ ಹನ್ನೊಂದೂವರೆಗೆ ತಂಗಿಯ ಫೋನ್. ಮೂರು ರಿಂಗ್ ಬಿಟ್ಟು ಎತ್ತಿದೆ.

"ಅಕ್ಕ, ಕಾಗೆ ಮುಟ್ಬುಡ್ತು."

ಮಕ್ಕಳಿಗೆ ಬೇಯಿಸಿದ ಮೊಟ್ಟೆ ಹಂಚ್ತಾ ಬಾಗಿಲಲ್ಲಿ ನಿಂತಿದ್ದಳಂತೆ. ಕಾಗೆಯೊಂದು ತಟ್ಟೆಗೆ ಅಂತ ಎರಗಿ, ಗುರಿ ತಪ್ಪಿ ಇವಳ ತಲೆ ಮೇಲೆ ಕೂತು, ಕೂದಲು ಕೆದರಿ ಹಾರಿಹೋಯ್ತು. ಮಕ್ಕಳು ಚಪ್ಪಾಳೆ ತಟ್ಟಿದವು. ಅಡುಗೆಯಾಕೆ ಮಾತ್ರ ಸೌಟು ಹಿಡಿದುಕೊಂಡೇ "ಅಯ್ಯೋ ಟೀಚರಮ್ಮಾ" ಅಂದು ಬಾಯಿ ಮುಚ್ಚಿಕೊಂಡಳಂತೆ.

ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಅಂತ. ಅದಕ್ಕೆ ಒಂದು ಪರಿಹಾರವೂ ಇದೆ. ಮುಟ್ಟಿಸಿಕೊಂಡೋರು ಸತ್ತೋದರು ಅಂತ ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಕೇಳಿದೋರು ಅದನ್ನ ನಂಬಬೇಕು, ನಿಜವಾಗಿ ಅಳಬೇಕು. ಆಮೇಲೆ ಅವತ್ತೇ, ದೀಪ ಹಚ್ಚೋ ಮುಂಚೆ, ಅದು ಸುಳ್ಳು ಅಂತ ತಿಳಿಸಿಬಿಡಬೇಕು. ಬರಬೇಕಾಗಿದ್ದ ಸಾವು ಆ ಸುದ್ದಿಯಲ್ಲೇ ತೀರಿಹೋಗುತ್ತೆ. ದೀಪ ಹಚ್ಚಿದ ಮೇಲೆ ಹೇಳಿದರೆ ಮಾತು ಅಂಟಿಕೊಂಡುಬಿಡುತ್ತೆ ಅಂತ ಅಮ್ಮ ಹೇಳ್ತಿದ್ದಳು. ಅಮ್ಮ ತೀರಿಕೊಂಡು ಆರು ವರ್ಷ. ತೌರು ಅಂತ ನಮಗೆ ಉಳಿದಿದ್ದವರು ಒಬ್ಬರೇ, ಅಮ್ಮನ ತಮ್ಮ, ನಮ್ಮ ಸೋದರಮಾವ. ಪಾವಗಡದ ಹತ್ತಿರ ಒಂದು ಹಳ್ಳಿಯಲ್ಲಿ ಈಗಲೂ ಕುರಿ ಇಟ್ಟುಕೊಂಡಿದ್ದಾರೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ನಾವಿಬ್ಬರೇ.

"ಮಾವಂಗೆ ಹೇಳ್ಬುಡು ಅಕ್ಕ. ನಿನ್ ಬಾಯಿಂದ್ಲೇ ಆಗ್ಬೇಕು."

"ಲೇ, ತಲೆ ಕೆಟ್ಟಿದೆಯಾ? ಮಕ್ಕಳಿಗೆ ಪಾಠ ಹೇಳೋಳು ನೀನು!"

"ಪಾಠ ಹೇಳೋದು ಬ್ಯಾರೆ. ಐದು ದಿನ ಕಾಯ್ಬೇಕು ನಾನು, ರಿಪೋರ್ಟ್ಗೆ. ಬೇರೆ ದಿನ ಆಗಿದ್ರೆ ನಾನೂ ನಕ್ಕು ಸುಮ್ಕಾಗ್ತಿದ್ದೆ. ಭಯ ಆಗ್ತೈತೆ ಅಕ್ಕ. ಮಾಡ್ಬುಡು."

ನಾನು ಬೈದೆ. ಫೋನ್ ಇಟ್ಟೆ. ಪೇಪರ್ ಜೋಡಿಸಿದೆ, ಮತ್ತೆ ಕೆದರಿದೆ. ಕಾಗದದ ಮೇಲೆ ಒಬ್ಬನನ್ನ ಸಾಯಿಸೋಕೆ ಆಗದ ನಾನು, ಒಡಹುಟ್ಟಿದವಳನ್ನ ಬಾಯಾರೆ ಸಾಯಿಸಬೇಕಂತೆ! ಅಂದದ್ದೇ ನಿಜವಾಗಿಬಿಟ್ಟರೆ? ಅನ್ನದೇ ಬಿಟ್ಟದ್ದಕ್ಕೇ ನಿಜವಾಗಿಬಿಟ್ಟರೆ? ಎರಡೂ ಕಡೆಯಿಂದ ಭಯ. ಕೊನೆಗೆ ಕಟ್ಟಡದ ಹಿಂದೆ ಹೊಂಗೆ ಮರದ ಕೆಳಗೆ ಹೋಗಿ ನಿಂತೆ. ಹೇಳಬೇಕಾದ ವಾಕ್ಯವನ್ನ ಮನಸ್ಸಿನಲ್ಲೇ ನಾಲ್ಕು ಸಲ ತಿದ್ದಿದೆ. ಬರೆಯೋರ ಹಣೆಬರಹ ಇದು.

"ಏಮ್ಮಾ, ಚೆಂದಾಗಿದೀರಾ?" ಅಂದರು ಮಾವ. ಕುರಿಗಳ ಸದ್ದು ಕೇಳ್ತಿತ್ತು, ನೀರು ಕುಡಿಸ್ತಿದ್ದರು ಅನ್ಸುತ್ತೆ.

"ಮಾವ, ನಮ್ಮ ಚಿಕ್ಕೋಳು ಸತ್ತೋದ್ಲು."

ನಾಲ್ಕು ಸಲ ತಿದ್ದಿದ ವಾಕ್ಯ ಅದಲ್ಲ. ಬಾಯಿಗೆ ಬಂದದ್ದು ಇದು. ಅಂದ ತಕ್ಷಣ ನನಗೇ ಅಳು ನುಗ್ಗಿತು. ನಾಟಕದ ಅಳು ಅಲ್ಲ. ಮರ ಹಿಡಿದುಕೊಂಡು ಬಿಕ್ಕಿದೆ. ನನ್ನ ಬಾಯಿಂದ ಬಂದ ಸುದ್ದಿಯನ್ನ ಮೊದಲು ನಂಬಿದವಳು ನಾನೇ. ಆ ಕಡೆಯಿಂದ "ಅಯ್ಯೋ ತಲ್ಲೀ" ಅಂತ ಒಂದೇ ಒಂದು ಕೂಗು ಕೇಳಿಸ್ತು, ಫೋನ್ ಕಟ್ ಆಯ್ತು.

ಒಂದು ಗಂಟೆ ಬಿಟ್ಟು ನಿಜ ಹೇಳೋದು ಅಂತ ಅಂದುಕೊಂಡಿದ್ದೆ. ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್. ಹತ್ತು ಸಲ, ಹದಿನೈದು ಸಲ. ಆ ಹಳ್ಳಿಯ ಬೇರೆ ಯಾರ ನಂಬರೂ ನನ್ನ ಹತ್ತಿರ ಇರಲಿಲ್ಲ. ಈ ಮಧ್ಯೆ ತಂಗಿಯ ಫೋನ್. "ಹೇಳ್ದಾ ಅಕ್ಕ? ಅತ್ರಾ? ನಿಜಾನೂ ಹೇಳಾಯ್ತಾ?"

"ಹೂಂ ಕಣೆ, ಎಲ್ಲಾ ಆಯ್ತು, ನೆಮ್ಮದಿಯಾಗಿರು" ಅಂದುಬಿಟ್ಟೆ. ಅವಳು ಉಸಿರು ಬಿಟ್ಟಿದ್ದು ನನಗೆ ಕೇಳಿಸ್ತು.

ಗ್ರಂಥಾಲಯಕ್ಕೆ ಬೀಗ ಹಾಕಿ ಮಿಡಿಗೇಶಿ ಬಸ್ ಸ್ಟಾಪಿಗೆ ಓಡಿದೆ. ದೀಪದ ಹೊತ್ತಿಗೆ ಇನ್ನೂ ಐದು ಗಂಟೆ ಇತ್ತು. ಪಾವಗಡಕ್ಕೆ ಹೋಗಿ ಮಾವನ ಎದುರಿಗೇ ನಿಂತು ಹೇಳಿಬಿಡೋಣ ಅಂತ. ಬಸ್ಸಿಗೆ ಕಾಯ್ತಿದ್ದಾಗ ರಸ್ತೆಯ ಆ ಕಡೆ, ಪಾವಗಡದಿಂದ ಮಧುಗಿರಿಗೆ ಹೋಗೋ ಬಸ್ಸು ನಿಂತು, ಇಬ್ಬರನ್ನ ಇಳಿಸಿ, ಹೊರಟುಹೋಯ್ತು. ಅದರ ಧೂಳು ನನ್ನ ಮೇಲೇ ಬಂತು. ಆ ಬಸ್ಸಿನಲ್ಲಿ ಮಾವ ಇದ್ದರು. ಸಾವಿನ ಸುದ್ದಿ ಕೇಳಿದ ಮನುಷ್ಯ ಮನೆಯಲ್ಲಿ ಕೂರಲ್ಲ, ಹೊರಟೇಬಿಡ್ತಾನೆ ಅನ್ನೋ ಸಣ್ಣ ಬುದ್ಧಿಯೂ ನನಗೆ ಹೊಳೆಯಲಿಲ್ಲ. ಇನ್ನೂರು ವರ್ಷದ ಬದುಕು ಕಟ್ಟೋಳು ನಾನು, ಒಂದು ಮಧ್ಯಾಹ್ನ ಏನಾಗುತ್ತೆ ಅಂತ ಗೊತ್ತಾಗಲಿಲ್ಲ.

ಮಾವನ ಮನೆಗೆ ಬೀಗ. ಪಕ್ಕದ ಮನೆಯಾಕೆ ನನ್ನ ನೋಡಿದ್ದೇ ಸೆರಗು ಬಾಯಿಗೆ ಹಿಡಿದುಕೊಂಡು ಅಳೋಕೆ ಶುರು ಮಾಡಿದಳು. "ಆಯಪ್ಪ ಅಪ್ಪುಡೇ, ಆಗ್ಲೇ ಹೋದ್ನಮ್ಮಾ, ಮಣ್ಣಿಗೆ. ಫೋನು ಕುರಿ ತೊಟ್ಟಿ ನೀರಾಗೆ ಬಿದ್ದೋಯ್ತು. ಕಾಲಿಗೆ ಚಪ್ಲಿನೂ ಹಾಕ್ಕಳಲಿಲ್ಲ." ತಂಗಿ ಸತ್ತಿಲ್ಲ ಅಂತ ಆಕೆಗೆ ಬಿಡಿಸಿ ಹೇಳೋಕೆ ಹತ್ತು ನಿಮಿಷ ಬೇಕಾಯ್ತು. ನಂಬಿದ ಮೇಲೆ ಆಕೆ ನನ್ನನ್ನ ತೆಲುಗಿನಲ್ಲಿ ಬೈದದ್ದನ್ನ ಇಲ್ಲಿ ಬರೆಯಲ್ಲ.

ತಂಗಿಯ ಊರಿಗೆ ಅಂತ ಮಧುಗಿರಿ ಬಸ್ ಹತ್ತಿದೆ; ಎಲ್ಲಾ ಆಯ್ತು ಅಂದುಬಿಟ್ಟಿದ್ದೆನಲ್ಲ, ಅವಳಿಗೆ ಫೋನ್ ಮಾಡೋ ಧೈರ್ಯ ಬರಲಿಲ್ಲ. ಕಿಟಕಿ ಪಕ್ಕ ಕೂತು ಸೂರ್ಯನನ್ನೇ ನೋಡ್ತಿದ್ದೆ. ಇಳೀಬೇಡ, ಇಳೀಬೇಡ ಅಂತ. ರಸ್ತೆ ಪಕ್ಕದ ಸೋಲಾರ್ ಹಲಗೆಗಳ ಮೇಲೆ ಬಿಸಿಲು ಆಗಲೇ ಹಳದಿಗೆ ತಿರುಗಿತ್ತು. ನನ್ನ ಕುರಿಗಾಹಿ ನೆನಪಿಗೆ ಬಂದ. ಅವನ ಮೇಲೆ ಹೊಟ್ಟೆಕಿಚ್ಚಾಯ್ತು. ಅವನ ತಲೆ ಮೇಲೆ ಸಾವಿರ ಕಾಗೆ ಕೂತರೂ ಯಾರೂ ಓಡಬೇಕಾಗಿಲ್ಲ. ಸಂಜೆ ಆಗೋದು ಅವನಿಗೆ ಬರೀ ಸಂಜೆ.

ಮಧುಗಿರಿ ಇನ್ನೂ ಬಂದಿರಲಿಲ್ಲ, ಫೋನ್ ರಿಂಗಾಯ್ತು. ಈ ಸಲ ಮೊದಲ ರಿಂಗಿಗೇ ಎತ್ತಿದೆ.

"ಅಕ್ಕ, ಮಾವ ಬಂದವ್ರೆ. ನಿಜ ಹೇಳ್ದೆ ಅಂದ್ಯಲ್ಲೇ?"

ಅವಳು ಅಂಗಳ ಗುಡಿಸ್ತಿದ್ದಳಂತೆ. ಮಾವ ಬರಿಗಾಲಲ್ಲಿ, ಕಂಕುಳಲ್ಲಿ ಒಂದು ಕವರ್ ಇಟ್ಟುಕೊಂಡು ಬೀದಿ ತಿರುವಿನಿಂದ ಬಂದವರು, ಇವಳನ್ನ ನೋಡಿ ನಿಂತರು. ಆಮೇಲೆ ಅಲ್ಲೇ ಬೀದಿಯಲ್ಲಿ ಕುಸಿದು ಕೂತುಬಿಟ್ಟರು. ಇವಳು ಪೊರಕೆ ಹಿಡಿದುಕೊಂಡೇ ಓಡಿಹೋಗಿ, "ಸತ್ತಿಲ್ಲ ಮಾವ, ನಾನೇ, ಮುಟ್ಟಿ ನೋಡು" ಅಂದಳು. ಸೂರ್ಯ ಇನ್ನೂ ಬೆಟ್ಟದ ಮೇಲಿದ್ದ. ಲೆಕ್ಕದ ಪ್ರಕಾರ ಎಲ್ಲಾ ಸರಿಯಾಗೇ ಆಗಿತ್ತು. ಬಸ್ಸಿನಲ್ಲಿ ನಾನು ಜೋರಾಗಿ "ಸದ್ಯ!" ಅಂದೆ, ಮುಂದಿನ ಸೀಟಿನೋರು ತಿರುಗಿ ನೋಡಿದರು.

ನಾನು ಆ ಮನೆ ಸೇರಿದಾಗ ದೇವರ ದೀಪ ಉರೀತಿತ್ತು. ಮಾವ ಜಗಲಿ ಮೇಲೆ ಕೂತಿದ್ದರು, ಪಕ್ಕದಲ್ಲಿ ಕೆನೆ ಕಟ್ಟಿದ ಕಾಫಿ ಲೋಟ. ನನ್ನ ಮುಖ ನೋಡಲಿಲ್ಲ. ಕವರಿನಲ್ಲಿ ಸೀರೆ ಇತ್ತು. ಹಸಿರು ಸೀರೆ, ಕೆಂಪು ಅಂಚು. ನಮ್ಮಲ್ಲಿ ಮದುವೆಯಾದ ಹೆಣ್ಣು ಸತ್ತರೆ ಕೊನೇ ಸೀರೆ ತೌರಿನಿಂದಲೇ ಬರಬೇಕು. ದಾರಿಯಲ್ಲಿ, ಮಧುಗಿರಿಯಲ್ಲಿ ಇಳಿದು ತಂದಿದ್ದರು. ಯಾವ ಬಣ್ಣ ಅಂತ ಅಂಗಡಿಯೋನು ಕೇಳಿದಾಗ, ಚಿಕ್ಕಂದಿನಲ್ಲಿ ಅವಳಿಗೆ ಹಸಿರು ಲಂಗ ಇಷ್ಟ ಇತ್ತು ಅಂತ ನೆನಪಾಯ್ತಂತೆ.

"ತಪ್ಪಾಯ್ತು ಮಾವ" ಅಂದೆ.

"ಬಸ್ಸಿನಾಗೆ ಅಷ್ಟು ಜನದ ಮುಂದೆ ಅತ್ತಿದೀನಮ್ಮಾ ನಾನು" ಅಂದರು. ಆಮೇಲೆ, "ಇನ್ನೊಂದ್ ಸಲ ನೀನು ಹಿಂಗೆ ಫೋನ್ ಮಾಡಿದ್ರೆ ನಾನು ನಂಬಾಕಿಲ್ಲ. ದೇವ್ರಾಣೆ ನಂಬಾಕಿಲ್ಲ" ಅಂದರು.

ರಿಪೋರ್ಟ್ ಬರೋಕೆ ಇನ್ನೂ ಐದು ದಿನ ಇತ್ತು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಆ ಸೀರೆಯನ್ನ ಏನು ಮಾಡೋದು ಅನ್ನೋದೇ ದೊಡ್ಡ ರಾದ್ಧಾಂತವಾಯ್ತು. ಹೆಣಕ್ಕೆ ಅಂತ ತಂದದ್ದು ಮನೆಯಲ್ಲಿ ಇರಬಾರದು, ಕೊಡಿಲ್ಲಿ, ಯಾವುದಾದರೂ ಮರಕ್ಕೆ ಸುತ್ತಿ ಹೋಗ್ತೀನಿ ಅಂತ ಮಾವ. ತಂಗಿ ಅದನ್ನ ಎದೆಗೆ ಅವುಚಿಕೊಂಡುಬಿಟ್ಟಳು. "ನನ್ ಹೆಸರಲ್ಲಿ ತಂದಿರೋದು ನಂದೇ. ಬಣ್ಣ ಎಷ್ಟು ಚೆಂದಾಗೈತೆ!" ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನಾನು ಬೈದೆ, ಅವಳ ಗಂಡ ಬೈದ. ಕೇಳಲಿಲ್ಲ.

ರೊಟ್ಟಿ ತಟ್ಟೋವಾಗ ಅಡುಗೆಮನೆಯಲ್ಲಿ ನನ್ನನ್ನ ಹತ್ತಿರ ಕರೆದು ಹೇಳಿದಳು, "ಅಕ್ಕ, ನಿನ್ ಕುರಿಗಾಹಿ ಏನ್ ಮಾಡ್ತಾ ಇರ್ತಾನೆ ಅಂತ ನಂಗೆ ಇವತ್ತು ಗೊತ್ತಾಯ್ತು. ಅವ್ನು ಊರಿಂದೂರಿಗೆ ಹೋಗಿ, ಆ ಕುರಿಗಾಹಿ ಸತ್ತೋದ ಅಂತ ತಾನೇ ಸುದ್ದಿ ಹಬ್ಬಿಸ್ತಾನೆ. ಆಮೇಲೆ ಯಾವ್ದಾದ್ರೂ ಮರದ ಹಿಂದೆ ನಿಂತ್ಕಂಡು, ಯಾರಾದ್ರೂ ಅಳ್ತಾರಾ ಅಂತ ನೋಡ್ತಾನೆ."

"ಅಳ್ತಾರಾ?"

"ಎಲ್ಲಿ ಅಳ್ತಾರೆ! ಅವನ್ನ ಬಲ್ಲೋರೆಲ್ಲಾ ಅವನಿಗಿಂತ ಮುಂಚೆ ಹೋದ್ರಲ್ಲ. ನಂಗೆ ನೋಡು, ಮಾವ ಚಪ್ಲಿನೂ ಹಾಕ್ಕಳ್ದೆ ಓಡ್ಬಂದ್ರು." ಅವಳ ಕಣ್ಣು ಹೊಳೀತಿತ್ತು. ಹೊಗೆಗೋ ಏನೋ.

ಅದನ್ನೇ ಬರೆದೆ. ಸಂಪಾದಕರು ಫೋನ್ ಮಾಡಿ, ಈ ಸಲ ರೇಗಿಸದೆ ಇಟ್ಟರು.

ಐದು ದಿನ ಬಿಟ್ಟು ರಿಪೋರ್ಟ್ ಬಂತು. ಗಂಟು ಕೆಟ್ಟದ್ದೇ. ಕಾಗೆ, ಸುದ್ದಿ, ಮಾವನ ಅಳು, ಬರಿಗಾಲು, ಸೂರ್ಯ ಮುಳುಗೋ ಮುಂಚೆ ಹೇಳಿದ ನಿಜ, ಯಾವುದೂ ಆ ಕಾಗದದ ಮೇಲಿನ ಅಕ್ಷರ ಬದಲಾಯಿಸಿರಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಹದಿನಾಲ್ಕು ತಿಂಗಳು ಎಳೆದಾಡಿದೆವು. ಬೆಂಗಳೂರಿಗೆ ಹೋಗೋದು, ಬರೋದು, ಸೂಜಿ, ವಾಂತಿ, ಉದುರಿದ ಕೂದಲು. ಭಾನುವಾರದ ಫೋನ್ ಮಾತ್ರ ತಪ್ಪಲಿಲ್ಲ. ಒಂದು ಸಲ, ದನಿ ತೀರಾ ಸಣ್ಣಗಾಗಿದ್ದಾಗ, "ಅವನಿಗೆ ಭಯ ಆಗಲ್ವಾ ಅಕ್ಕ?" ಅಂತ ಕೇಳಿದಳು.

"ಸಾಯೋದೇ ಇಲ್ಲ ಅಂದ ಮೇಲೆ ಯಾತರ ಭಯ?"

"ಮತ್ತೆ ಹೊತ್ತು ಹೆಂಗೆ ಕಳೀತಾನೆ? ನಂಗೆ ಈಗ ಭಯ ಪಡೋದ್ರಲ್ಲೇ ದಿನ ಮುಗ್ದೋಗ್ತೈತೆ" ಅಂದು ನಕ್ಕಳು. ನನಗೆ ನಗೋಕೆ ಆಗಲಿಲ್ಲ. ನನಗೂ ಹಾಗೇ ಮುಗೀತಿತ್ತು.

ಒಂದು ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ, ಅವಳ ಮನೆಯಲ್ಲೇ, ನಾನು ಗಂಜಿ ಆರಿಸ್ತಾ ಪಕ್ಕದಲ್ಲೇ ಕೂತಿದ್ದಾಗ ಅವಳು ಹೋದಳು. ಸುದ್ದಿ ಅಂತ ಯಾರೂ ಬಂದು ನನಗೆ ಹೇಳಬೇಕಾಗಲಿಲ್ಲ. ಅವಳ ಗಂಡ ಬೀರು ತೆಗೆದು ಆ ಹಸಿರು ಸೀರೆ ಈಚೆಗೆ ಇಟ್ಟ. ಮಡಿಕೆ ಕೂಡ ಬಿಚ್ಚಿರಲಿಲ್ಲ. "ಅಕ್ಕ, ಮಾವಂಗೆ ನೀವೇ ಹೇಳ್ಬೇಕು. ತೌರಿನೋರು ಬರ್ದೆ ಎತ್ತಂಗಿಲ್ಲ" ಅಂದ.

ಅಂಗಳಕ್ಕೆ ಬಂದು ನಿಂತು ಫೋನ್ ಮಾಡಿದೆ. ಈ ಸಲ ವಾಕ್ಯ ತಿದ್ದಲಿಲ್ಲ.

"ಮಾವ, ಚಿಕ್ಕೋಳು ಸತ್ತೋದ್ಲು."

ಕುರಿಗಳ ಸದ್ದು. ಆಮೇಲೆ ಮಾವ ಮೆಲ್ಲಗೆ ಕೇಳಿದರು, "ಮತ್ತೆ ಕಾಗೆ ಮುಟ್ತೇನಮ್ಮಾ?"

ಆ ದನಿಯಲ್ಲಿ ಎಷ್ಟು ಆಸೆ ಇತ್ತು ಅಂದರೆ, ನಾನು ಮೊದಲೇ ಹೇಳಿದೆನಲ್ಲ, ಪುಕ್ಕಲಿ ಅಂತ. "ಹೂಂ ಮಾವ" ಅಂದೆ.

"ನೋಡ್ದಾ! ನಂಗೆ ಗೊತ್ತಾಗ್ಬುಡ್ತು. ಈ ಸಲ ನಾನು ಅಳಾಕಿಲ್ಲ, ಹೋಗು" ಅಂದರು, ಅನ್ನುತ್ತಲೇ ಮೂಗು ಒರೆಸಿಕೊಂಡರು. "ದೀಪ ಹಚ್ಚೋ ಮುಂಚೆ ಮುಂದಿನ್ ಮಾತು ಹೇಳ್ಬುಡು, ಮರೀಬ್ಯಾಡ. ತಿಂಡಿ ತಿಂದ್ಲಾ ಅವ್ಳು?"

"ಗಂಜಿ ಕುಡಿದ್ಲು ಮಾವ."

"ಉಪ್ಪು ಕಮ್ಮಿ ಹಾಕು. ಅವ್ಳಿಗೆ ಉಪ್ಪಾದ್ರೆ ಆಗಾಕಿಲ್ಲ, ಚಿಕ್ಕಂದಿನಿಂದ."

"ಹೂಂ ಮಾವ."

ತಂಗಿಯ ಗಂಡ ಬಂದು ನನ್ನ ಕೈಯಿಂದ ಫೋನ್ ಈಸ್ಕೊಳ್ಳೋವರೆಗೆ ಹೀಗೇ ಮಾತಾಡ್ತಾ ಇದ್ದೆವು. ಒಂದು ಹತ್ತು ನಿಮಿಷ ಆಗಿರಬಹುದು. ಅಷ್ಟು ಹೊತ್ತು ನನ್ನ ತಂಗಿ ಪಾವಗಡದ ಕಡೆ ಬದುಕಿದ್ದಳು.